ಸೋಲುವವರ ಪಕ್ಷ

ಪಕ್ಷಪಾತವೆಂಬುದು ಮನುಷ್ಯನಿಗೆ ಹುಟ್ಟಿನೊಡನೆ ಬಂದ ಗುಣವೆಂದು ತೋರುತ್ತದೆ. ಬೀದಿಯಲ್ಲಿ ಇಬ್ಬರು ಹುಡುಗರು ಗೋಲಿಯಾಡುತ್ತಿರುವುದನ್ನು ಅರೆಗಳಿಗೆ ನಿಂತು ನೋಡಿದರೆ ಸಾಕು, ಮನಸ್ಸು ನಮ್ಮನ್ನು ಕೇಳದೆಯೇ ಅವರಲ್ಲೊಬ್ಬನ ಕಡೆಗೆ ವಾಲಿರುತ್ತದೆ. ಗೆಲ್ಲುವವನ ಕಡೆಗೆ ವಾಲಿದವನನ್ನು ಲೋಕವು ಜಾಣನೆನ್ನುತ್ತದೆ. ಸೋಲುವವನ ಕಡೆಗೆ ವಾಲಿ, ಸೋಲನ್ನು ಕಂಡು ಕಂಡೂ ಹಿಂದಿರುಗಲಾರದೆ ಹೋದವನನ್ನು ಏನೆಂದು ಕರೆಯಬೇಕೋ, ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ನನಗೂ ತಿಳಿಯದು. ಅಂಥವರಿಂದಲೇ ತುಂಬಿದ ಒಂದು ನಗರವನ್ನು ನಾನು ಕಂಡು ಬಂದಿದ್ದೇನೆ. ಅಲ್ಲಿಂದ ಹೊರಡುವ ವೇಳೆಗೆ ನಾನೂ ಅವರ ಗುಂಪಿಗೆ ಸೇರಿಹೋಗಿದ್ದೆನು.

ಅಮೆರಿಕಾ ದೇಶದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಪಿಟ್ಸ್‌ಬರ್ಗ್ ಎಂಬ ನಗರವಿದೆ. ಎರಡು ನದಿಗಳು ಅಲ್ಲಿ ಸಂಗಮವಾಗಿ ಒಹಾಯೊ ಎಂಬ ಮೂರನೆಯ ನದಿಯಾಗಿ ಹರಿಯುತ್ತವೆ. ಒಂದು ಕಾಲಕ್ಕೆ ಆ ದೇಶಕ್ಕೆಲ್ಲ ಉಕ್ಕನ್ನು ಒದಗಿಸುತ್ತಿದ್ದ ಊರು ಅದು. 1980ರ ದಶಕದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿಹೋದವು. 1950ರಲ್ಲಿ 6,76,000ಕ್ಕೆ ಮಿಕ್ಕಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ 3,03,000ದಷ್ಟಕ್ಕೆ ಇಳಿಯಿತು. ಈಗ ಆಸ್ಪತ್ರೆಗಳೂ ವಿಶ್ವವಿದ್ಯಾನಿಲಯಗಳೂ ಊರನ್ನು ಸಾಕುತ್ತಿವೆ. ನನ್ನ ಮಗಳೂ ಅಳಿಯಂದಿರೂ ಅಲ್ಲಿಯೇ ಕೆಲಸದಲ್ಲಿದ್ದಾರೆ. 2025ನೆಯ ಇಸವಿ ಮಾರ್ಚಿ ತಿಂಗಳ ಕಡೆಯಿಂದ ಆಗಸ್ಟ್ ಮುಗಿಯುವವರೆಗೆ ನಾನು ಅವರ ಮನೆಯಲ್ಲಿದ್ದೆನು. ಒಂಬತ್ತು ವರ್ಷದ ಮೊಮ್ಮಗನಿಗೆ ನಾನು ಶಬ್ದರೂಪಗಳನ್ನು ಕಲಿಸಬೇಕೆಂದೂ ಅವನು ನನಗೆ ಬೇಸ್‌ಬಾಲ್ ಆಟವನ್ನು ಕಲಿಸಬೇಕೆಂದೂ ನಮ್ಮಲ್ಲಿ ಒಪ್ಪಂದವಾಯಿತು. ಶಬ್ದರೂಪಗಳು ‘ರಾಮ’ ಶಬ್ದದ ಷಷ್ಠಿಯಲ್ಲಿಯೇ ನಿಂತವು. ಬೇಸ್‌ಬಾಲ್ ಮಾತ್ರ ಮುಂದುವರಿಯಿತು.

ಆಟವನ್ನರಿಯದ ವಾಚಕರಿಗೆ ಇಷ್ಟು ಹೇಳಿದರೆ ಸಾಕು. ಎರಡು ಪಕ್ಷ, ಪಕ್ಷಕ್ಕೆ ಒಂಬತ್ತು ಮಂದಿ, ಒಂಬತ್ತು ಇನಿಂಗ್ಸು. ಪಿಚರ್ ಎಂಬವನು ದಿಣ್ಣೆಯ ಮೇಲೆ ನಿಂತು ಚೆಂಡನ್ನು ನೆಲಕ್ಕೆ ತಾಕಿಸದೆ ಎಸೆಯುತ್ತಾನೆ. ಎದುರಿನವನು ದುಂಡನೆಯ ದೊಣ್ಣೆಯಿಂದ ಹೊಡೆಯುತ್ತಾನೆ. ಹೊಡೆದವನು ಮೂರು ಠಾಣ್ಯಗಳನ್ನು ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ಓಟ. ನಮ್ಮ ಕ್ರಿಕೆಟ್ಟಿನಲ್ಲಿ ಓಟಗಳು ನೂರುಗಟ್ಟಲೆ ಬರುತ್ತವೆ. ಇಲ್ಲಿ ನಾಲ್ಕೈದು ಬಂದರೆ ಗೆದ್ದೆವೆಂದು ಭಾವಿಸಬಹುದು. ಮೇಲ್ತರಗತಿಯಲ್ಲಿ 30 ತಂಡಗಳಿವೆ. ಒಂದೊಂದು ತಂಡವೂ ಒಂದು ಋತುವಿನಲ್ಲಿ 162 ಆಟಗಳನ್ನಾಡುತ್ತದೆ. ಆದುದರಿಂದ ಈ ಆಟದ ಅಭಿಮಾನವೆಂಬುದು ಹಬ್ಬದಂತೆ ಬಂದು ಹೋಗುವುದಲ್ಲ. ಸಂಧ್ಯಾವಂದನೆಯಂತೆ ದಿನದಿನದ ಅನುಷ್ಠಾನ. ಸೋಲುವ ತಂಡವನ್ನು ನಂಬಿದವನಿಗೆ ವಸಂತದಿಂದ ಶರತ್ಕಾಲದವರೆಗೆ ವಿರಾಮವಿಲ್ಲದ ವ್ರತ.

ಊರಿನ ತಂಡಕ್ಕೆ ಪೈರೇಟ್ಸ್ ಎಂದು ಹೆಸರು, ಅಂದರೆ ಕಡಲುಗಳ್ಳರು. 1890ರ ಆಸುಪಾಸಿನಲ್ಲಿ ಬೇರೊಂದು ತಂಡದ ಆಟಗಾರನನ್ನು ಸೆಳೆದುಕೊಂಡರೆಂದು ಎದುರಾಳಿಗಳು ಹೊರಿಸಿದ ಆಪಾದನೆಯೇ ಬಿರುದಾಗಿ ಉಳಿಯಿತಂತೆ. ಇವರು 1909, 1925, 1960, 1971, 1979 ಈ ಐದು ವರ್ಷಗಳಲ್ಲಿ ವರ್ಲ್ಡ್ ಸೀರೀಸ್ ಎಂಬ ಪರಮೋಚ್ಚ ಸ್ಪರ್ಧೆಯನ್ನು ಗೆದ್ದವರು. 1960ರ ಅಕ್ಟೋಬರ್ 13ರಂದು ಬಲಾಢ್ಯರಾದ ನ್ಯೂಯಾರ್ಕ್ ಯಾಂಕೀಸರ ಮೇಲೆ ಏಳನೆಯ ಆಟದ ಕಡೆಯ ಇನಿಂಗ್ಸಿನಲ್ಲಿ ಬಿಲ್ ಮ್ಯಾಜರಾಸ್ಕಿ ಎಂಬವನು ಚೆಂಡನ್ನು ಗೋಡೆಯಾಚೆಗೆ ಹೊಡೆದು ಗೆಲ್ಲಿಸಿದನು. ಆ ಏಳು ಆಟಗಳಲ್ಲಿ ಯಾಂಕೀಸರು ಗಳಿಸಿದ ಓಟ 55, ಇವರದು 27. ಆದರೂ ಗೆದ್ದವರು ಇವರು. ಈ ತಂಡದಲ್ಲಿಯೇ ರಾಬರ್ಟೊ ಕ್ಲೆಮೆಂಟೆ ಎಂಬ ಮಹಾನುಭಾವನಿದ್ದನು. 1972ರ ಡಿಸೆಂಬರ್ 31ರ ರಾತ್ರಿ, ಭೂಕಂಪದಿಂದ ನೊಂದ ನಿಕರಾಗುವಾದ ಜನಕ್ಕೆ ಸಾಮಗ್ರಿಗಳನ್ನು ಕೊಂಡೊಯ್ಯುತ್ತಿದ್ದ ವಿಮಾನವು ಸಮುದ್ರಕ್ಕೆ ಬಿದ್ದು ಅವನು ಮಡಿದನು. 2001ರಲ್ಲಿ ನದಿಯ ದಡದಲ್ಲಿ ಹೊಸ ಆಟದ ಮನೆಯನ್ನು ಕಟ್ಟಿದಾಗ ಅವನ ಅಂಗಿಯ ಸಂಖ್ಯೆ 21 ಎಂಬ ಕಾರಣಕ್ಕೆ ಬಲಗಡೆಯ ಗೋಡೆಯನ್ನು 21 ಅಡಿ ಎತ್ತರಕ್ಕೆ ಎಬ್ಬಿಸಿದರು. ಇಂಥ ಸ್ಮೃತಿಗಳುಳ್ಳ ತಂಡವನ್ನು ಸೋತಿತೆಂಬ ಮಾತ್ರಕ್ಕೆ ಬಿಡುವುದೆಂತು?

ಸೋಲಾದರೋ ಸಾಮಾನ್ಯವಾದುದಲ್ಲ. 1992ರ ಅಕ್ಟೋಬರ್ ತಿಂಗಳಲ್ಲಿ ಅಟ್ಲಾಂಟಾ ನಗರದಲ್ಲಿ, ವರ್ಲ್ಡ್ ಸೀರೀಸಿಗೆ ಹೋಗುವ ಹೊಸ್ತಿಲಿನಲ್ಲಿ, ಕಡೆಯ ಆಟದ ಕಡೆಯ ಇನಿಂಗ್ಸಿಗೆ ಇವರು ಎರಡು ಓಟ ಮುಂದಿದ್ದರು. ಅಷ್ಟರಲ್ಲಿ ಮೂರು ಓಟ ಕೊಟ್ಟು ಸೋತರು. ಗೆಲುವಿನ ಓಟವನ್ನು ಮುಗಿಸಿದವನು ಹಿಂದೆ ಇವರಲ್ಲಿಯೇ ಆಡುತ್ತಿದ್ದ, ಓಟದಲ್ಲಿ ಬಲು ನಿಧಾನಿಯಾದ ಸಿಡ್ ಬ್ರೀಮ್. ಅದಾದ ಕೂಡಲೆ ತಂಡದ ಶ್ರೇಷ್ಠ ಆಟಗಾರನಾದ ಬ್ಯಾರಿ ಬಾಂಡ್ಸ್ ಹೆಚ್ಚಿನ ಸಂಬಳಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಹೊರಟುಹೋದನು. 1993ರಿಂದ 2012ರವರೆಗೆ ಇಪ್ಪತ್ತು ಋತುಗಳು, ಒಂದಾದರೂ ತಪ್ಪದಂತೆ, ಗೆದ್ದುದಕ್ಕಿಂತ ಸೋತದ್ದೇ ಹೆಚ್ಚಾಯಿತು. ಆ ಖಂಡದ ದೊಡ್ಡ ಕ್ರೀಡೆಗಳಲ್ಲಿ ಯಾವ ತಂಡವೂ ಅಷ್ಟು ಕಾಲ ಎಡೆಬಿಡದೆ ಸೋತದ್ದಿಲ್ಲ. ಈ ನಡುವೆ, 2008ರಲ್ಲಿ, ನಮ್ಮ ಉತ್ತರಪ್ರದೇಶದ ಹಳ್ಳಿಗಳಲ್ಲಿ ಹುಟ್ಟಿದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಈಟಿ ಎಸೆಯುವ ಹುಡುಗರನ್ನೂ ಈ ತಂಡದವರು ಕರೆದುಕೊಂಡಿದ್ದರೆಂದು ತಿಳಿದು ನನಗೆ ಅಚ್ಚರಿಯಾಯಿತು. ಅವರು ಮೇಲ್ತರಗತಿಯನ್ನು ಮುಟ್ಟಲಿಲ್ಲ. ಬೇಸ್‌ಬಾಲೆಂದರೇನೆಂದು ಕಾಣದವರು ಅಷ್ಟು ದೂರ ಹೋದದ್ದೇ ದೊಡ್ಡದು.

ಮರುಭೂಮಿಯಲ್ಲಿಯೂ ಒಮ್ಮೆ ಮಳೆಯಾಯಿತು. 2013ರಲ್ಲಿ ಪೈರೇಟ್ಸ್ 94 ಆಟಗಳನ್ನು ಗೆದ್ದರು. ಅಕ್ಟೋಬರ್ 1ರ ರಾತ್ರಿ ಸಿನ್ಸಿನಾಟಿಯವರ ಮೇಲಿನ ಆಟದಲ್ಲಿ ಊರಿಗೆ ಊರೇ ಕಪ್ಪು ಬಟ್ಟೆ ತೊಟ್ಟು ಎದುರಾಳಿ ಪಿಚರನ ಹೆಸರನ್ನು ರಾಗವಾಗಿ ಕೂಗಿತು. ದಿಣ್ಣೆಯ ಮೇಲೆ ನಿಂತಿದ್ದವನ ಕೈಯಿಂದ ಚೆಂಡು ಜಾರಿ ಬಿತ್ತು. ಮರುಕ್ಷಣದ ಎಸೆತವನ್ನು ರಸೆಲ್ ಮಾರ್ಟಿನ್ ಗೋಡೆಯಾಚೆಗೆ ಕಳುಹಿಸಿದನು. ಇದನ್ನು ನಾನು ಕಂಡವನಲ್ಲ. ಆದರೆ ಆ ಊರಿನಲ್ಲಿ ಕ್ಷೌರಿಕನಿಂದ ಹಿಡಿದು ವೈದ್ಯರವರೆಗೆ ಎಲ್ಲರೂ ಇದನ್ನು ವರ್ಣಿಸುವುದನ್ನು ಕೇಳಿ ಕೇಳಿ, ಕಂಡವನಂತೆಯೇ ಆಗಿದ್ದೇನೆ. 2015ರಲ್ಲಿ 98 ಗೆಲುವು. ಆದರೆ ಮುಂದಿನ ಸುತ್ತಿಗೆ ಹೋಗಲು ಆಡಿದ ಒಂದೇ ಆಟದಲ್ಲಿ ಷಿಕಾಗೋದವರಿಗೆ ಸೋತರು. ಬಳಿಕ ಆ ತಂಡವನ್ನು ಬಿಡಿಬಿಡಿಯಾಗಿ ಬಿಚ್ಚಿದರು. 2018ರ ಜನವರಿಯಲ್ಲಿ ಊರಿನ ಕಣ್ಮಣಿಯಾದ ಆಂಡ್ರೂ ಮೆಕಚನನ್ನೂ ಪಿಚರ್ ಗೆರಿಟ್ ಕೋಲನನ್ನೂ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಮುದಿಪ್ರಾಯದಲ್ಲಿ, 2023ರಲ್ಲಿ, ಮೆಕಚನ್ ಮರಳಿ ಬಂದನು. ಅವನು ದೊಣ್ಣೆ ಹಿಡಿದು ಬಂದಾಗಲೆಲ್ಲ ಜನರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದುದನ್ನು ನಾನೂ ಕಂಡೆನು. ನಾನೂ ಎದ್ದು ನಿಂತೆನು.

ಈಗ 2025ರ ಮಾತು. ಆ ವರ್ಷ ಜನರ ಆಸೆಯೆಲ್ಲ ಪಾಲ್ ಸ್ಕೀನ್ಸ್ ಎಂಬ ಇಪ್ಪತ್ತಮೂರು ವರ್ಷದ ಪಿಚರನ ಮೇಲೆ ನಿಂತಿತ್ತು. ಸೋತ ತಂಡಗಳಿಗೆ ಹೊಸ ಆಟಗಾರರನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಹೆಚ್ಚಾಗಿರಲೆಂದು ಅಲ್ಲಿ ಚೀಟಿಯೆತ್ತುವ ಪದ್ಧತಿಯಿದೆ. ಆ ಅದೃಷ್ಟದಿಂದ 2023ರಲ್ಲಿ ದೊರೆತವನು ಇವನು. ಇವನು ಎಸೆಯುವುದನ್ನು ನೋಡುವುದೆಂದರೆ ನುರಿತ ವೈಣಿಕನು ಶ್ರುತಿ ಕೂಡಿಸಿ ಆಲಾಪನೆಗೆ ತೊಡಗಿದುದನ್ನು ಕೇಳಿದಂತೆ. ಆ ಋತುವಿನಲ್ಲಿ ಎದುರಾಳಿಗಳಿಗೆ ಒಂಬತ್ತು ಇನಿಂಗ್ಸಿಗೆ ಸರಾಸರಿ 1.97 ಓಟಗಳನ್ನು ಮಾತ್ರ ಬಿಟ್ಟುಕೊಟ್ಟನು. ಶ್ರೇಷ್ಠ ಪಿಚರನಿಗೆ ಸಲ್ಲುವ ಸೈ ಯಂಗ್ ಬಹುಮಾನವು ಒಂದು ಮತವೂ ತಪ್ಪದೆ ಅವನಿಗೇ ಬಂದಿತು. ಇಷ್ಟಾದರೂ ಅವನ ಲೆಕ್ಕದಲ್ಲಿ ಬರೆದುದು ಏನು? ಹತ್ತು ಗೆಲುವು, ಹತ್ತು ಸೋಲು. ಮೇ 18ರಂದು ಫಿಲಡೆಲ್ಫಿಯಾದಲ್ಲಿ ಆಟದ ಮೊದಲಿನಿಂದ ಕಡೆಯವರೆಗೆ ತಾನೊಬ್ಬನೇ ಎಸೆದು ಒಂದೇ ಓಟ ಕೊಟ್ಟನು; ಅವನ ಕಡೆಯವರು ಆ ಒಂದನ್ನೂ ಗಳಿಸಲಾರದೆ 1–0 ಅಂತರದಲ್ಲಿ ಸೋತರು. ಅಭಿಮನ್ಯುವು ಚಕ್ರವ್ಯೂಹವನ್ನು ಭೇದಿಸಿ ಒಳಹೊಕ್ಕು ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ! ಆ ದಿನ ನನಗೆ ನೆನಪಾದುದು ಇದೇ ಚಿತ್ರ.

ಏಪ್ರಿಲ್ ಮೇ ತಿಂಗಳುಗಳಲ್ಲಿ ಎಡೆಬಿಡದೆ 26 ಆಟಗಳಲ್ಲಿ ಪೈರೇಟ್ಸ್ ನಾಲ್ಕಕ್ಕೆ ಮಿಕ್ಕಿ ಓಟ ಗಳಿಸಲಿಲ್ಲ. ಮೇ 8ರಂದು ತಂಡದ ಮ್ಯಾನೇಜರನ್ನು ತೆಗೆದುಹಾಕಿದರು; ಹೊಡೆಯಲಾರದವರು ಹೊಡೆಯಲಾರದವರಾಗಿಯೇ ಉಳಿದರು. ಜೂನ್ ಕಡೆಯ ವಾರದಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ಸಿರಿವಂತರಾದ ನ್ಯೂಯಾರ್ಕ್ ಮೆಟ್ಸ್ ತಂಡವನ್ನು ಮೂರು ಆಟಗಳಲ್ಲಿಯೂ ಬಡಿದರು. ಓಟಗಳ ಮೊತ್ತ 30ಕ್ಕೆ 4. ಬೆನ್ನಿಗೇ ಸೇಂಟ್ ಲೂಯಿಸ್ ತಂಡವನ್ನು ಮೂರು ಆಟಗಳಲ್ಲಿಯೂ ಒಂದೇ ಒಂದು ಓಟ ಗಳಿಸಗೊಡದೆ ಸೋಲಿಸಿದರು. ಆ ಆರು ದಿನ ನಮ್ಮ ಮನೆಯಲ್ಲಿ ಯುಗಾದಿಯ ಸಂಭ್ರಮ. ಮೊಮ್ಮಗನು ಊಟವನ್ನು ಮರೆತನು. ಪಂಚಾಂಗವನ್ನು ನೋಡುವ ನಾನು ಪಾಯಿಂಟು ಪಟ್ಟಿಯನ್ನು ನೋಡತೊಡಗಿದೆನು. ಅನಂತರ ಸಿಯಾಟಲಿಗೆ ಹೋದರು. ಅಲ್ಲಿ ಮೂರು ಆಟ. ಮೂರರಲ್ಲಿಯೂ ಇವರ ಓಟ ಸೊನ್ನೆ. ಬಿಸಿಲುಗುದುರೆಯ ಹಿಂದೆ ಓಡಿದ ಜಿಂಕೆಗೂ ಇಷ್ಟು ಬೇಗ ಸತ್ಯದರ್ಶನವಾಗಿರಲಾರದು. ಜುಲೈ 31ರಂದು, ಆಟಗಾರರನ್ನು ಕೊಟ್ಟು ತೆಗೆದುಕೊಳ್ಳುವ ಗಡುವಿನ ದಿನ, ಪಿಟ್ಸ್‌ಬರ್ಗಿನ ನೆರೆಯಲ್ಲಿಯೇ ಹುಟ್ಟಿ ಬೆಳೆದ ಡೇವಿಡ್ ಬೆಡ್ನರ್ ಎಂಬ ಪಿಚರನನ್ನು ಯಾಂಕೀಸರಿಗೆ ಕೊಟ್ಟರು. ಋತುವು ಮುಗಿದಾಗ ಗೆಲುವು 71, ಸೋಲು 91. ತಮ್ಮ ವಿಭಾಗದ ಐದು ತಂಡಗಳಲ್ಲಿ ಐದನೆಯ ಸ್ಥಾನ. ಮೂವತ್ತು ತಂಡಗಳಲ್ಲಿಯೂ ಅತ್ಯಂತ ಕಡಿಮೆ ಓಟ ಗಳಿಸಿದವರು ಇವರೇ.

ಇದಕ್ಕೆ ಕಾರಣವೇನು? ಅಳಿಯಂದಿರು ಕಾಗದ ಪೆನ್ಸಿಲು ಹಿಡಿದು ನನಗೆ ವಿವರಿಸಿದರು. ಈ ಆಟದಲ್ಲಿ ತಂಡದ ಸಂಬಳಕ್ಕೆ ಮೇಲ್ಮಿತಿಯೆಂಬುದಿಲ್ಲ. ಒಂದು ಮೊತ್ತವನ್ನು ಮೀರಿದರೆ ತೆರಿಗೆ ಕೊಡಬೇಕು, ಅಷ್ಟೆ. 2025ರಲ್ಲಿ ಆ ಮೊತ್ತ 24 ಕೋಟಿ 10 ಲಕ್ಷ ಡಾಲರು. ದೊಡ್ಡ ನಗರದ ತಂಡಕ್ಕೆ ದೂರದರ್ಶನದ ಹಕ್ಕಿನಿಂದಲೇ ಹೊಳೆಯಂತೆ ಹಣ ಹರಿದು ಬರುತ್ತದೆ. ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡವು 2014ರಿಂದ 25 ವರ್ಷಗಳಿಗೆ ಮಾಡಿಕೊಂಡ ಒಪ್ಪಂದದ ಬೆಲೆ ಎಂಟುನೂರು ಕೋಟಿ ಡಾಲರಿಗೂ ಮೇಲು. ಅವರು 2025ರಲ್ಲಿ ಆಟಗಾರರಿಗೆ ಕೊಟ್ಟ ಸಂಬಳ 30 ಕೋಟಿ ಡಾಲರಿಗೆ ಮಿಕ್ಕಿತ್ತು. ಪೈರೇಟ್ಸ್ ಕೊಟ್ಟದ್ದು ಹತ್ತು ಕೋಟಿಗಿಂತ ಕಡಿಮೆ. ವರ್ಲ್ಡ್ ಸೀರೀಸನ್ನು 2024ರಲ್ಲಿಯೂ 2025ರಲ್ಲಿಯೂ ಗೆದ್ದವರು ಡಾಡ್ಜರ್ಸರೇ. ಹೊಸ ಆಟಗಾರನು ಸುಮಾರು ಆರು ಋತುಗಳ ಕಾಲ ತನ್ನ ಮೊದಲ ತಂಡಕ್ಕೆ ಕಟ್ಟುಬಿದ್ದಿರುತ್ತಾನೆ. ಆಮೇಲೆ ಯಾರು ಹೆಚ್ಚು ಕೊಟ್ಟರೆ ಅವರಲ್ಲಿಗೆ. ಹೀಗಾಗಿ ಸಣ್ಣ ಊರಿನ ತಂಡವು ಸಸಿಯನ್ನು ನೆಟ್ಟು ನೀರೆರೆಯುತ್ತದೆ. ಹಣ್ಣಾಗುವ ಹೊತ್ತಿಗೆ ಮರವು ಬೇರೆಯವರ ಹಿತ್ತಿಲಿನಲ್ಲಿರುತ್ತದೆ. ಅದೇ ಪಿಟ್ಸ್‌ಬರ್ಗಿನ ಕಾಲ್ಚೆಂಡಿನ ತಂಡವು ಆರು ಬಾರಿಯೂ ಹಿಮದ ಮೇಲಿನ ಹಾಕಿಯ ತಂಡವು ಐದು ಬಾರಿಯೂ ತಮ್ಮ ತಮ್ಮ ಆಟದ ಪರಮ ಬಹುಮಾನವನ್ನು ಗೆದ್ದಿವೆ. ಆ ಎರಡು ಆಟಗಳಲ್ಲಿಯೂ ಈಗ ಸಂಬಳದ ಮೇಲ್ಮಿತಿಯುಂಟು.

ಹಾಗಾದರೆ ದಾರಿದ್ರ್ಯವೊಂದೇ ಕಾರಣವೆಂದು ಸುಮ್ಮನಾಗಬಹುದಾಗಿತ್ತು. ಆದರೆ ಮಿಲ್ವಾಕಿ ಎಂಬ ಊರೊಂದಿದೆಯಲ್ಲ! ಅದೂ ಚಿಕ್ಕ ಊರು. ಅದರ ತಂಡವೂ ಸಿರಿವಂತ ತಂಡವಲ್ಲ. ಪೈರೇಟ್ಸ್ ಇರುವ ವಿಭಾಗದಲ್ಲಿಯೇ ಆಡುತ್ತದೆ. 2025ರಲ್ಲಿ ಅದು 97 ಆಟಗಳನ್ನು ಗೆದ್ದು ಮೂವತ್ತು ತಂಡಗಳಿಗೂ ಮೇಲೆ ನಿಂತಿತು. ಕಡೆಗೆ ಡಾಡ್ಜರ್ಸರಿಗೆ ಸೋತಿತೆಂಬುದು ನಿಜ; ವರ್ಲ್ಡ್ ಸೀರೀಸನ್ನು ಅದು ಎಂದೂ ಗೆದ್ದಿಲ್ಲವೆಂಬುದೂ ನಿಜ. ಆದರೂ ತಕ್ಕ ಆಟಗಾರರನ್ನು ಹುಡುಕಿ ತಿದ್ದಿ ಬೆಳೆಸುವ ವಿದ್ಯೆಯಿದ್ದರೆ ಬಡವನ ಮನೆಯಲ್ಲಿಯೂ ಆರು ತಿಂಗಳ ಹಬ್ಬವಾಗಬಹುದೆಂದು ತೋರಿಸಿತು. ಪಿಟ್ಸ್‌ಬರ್ಗಿನವರ ಸಂಕಟವು ಇಮ್ಮಡಿಯಾದುದು ಇಲ್ಲಿಯೇ. ನೆರೆಮನೆಯವನೂ ಬಡವನಾಗಿದ್ದು ಅವನ ಮಕ್ಕಳು ಓದಿ ಮುಂದೆ ಬಂದರೆ, ಬಡತನದ ನೆಪವನ್ನು ಎಷ್ಟು ದಿನ ಹೇಳಿಕೊಳ್ಳುವುದು? ಆಟದ ಮನೆಯಲ್ಲಿ ‘ತಂಡವನ್ನು ಮಾರಿಬಿಡಿ’ ಎಂದು ಜನರು ಒಕ್ಕೊರಲಿನಿಂದ ಕೂಗುತ್ತಿದ್ದರು. ಒಡೆತನದವರ ಮನಸ್ಸಿನಲ್ಲಿ ಏನಿದೆಯೆಂದು ನಾನು ಬಲ್ಲವನಲ್ಲ. ಆ ಕೂಗಿನಲ್ಲಿದ್ದ ನೋವನ್ನು ಬಲ್ಲೆ.

ಊರಿನ ಹೊರವಲಯದಲ್ಲಿ 1970ರ ದಶಕದಲ್ಲಿ ಕಟ್ಟಿದ ವೆಂಕಟೇಶ್ವರ ದೇವಾಲಯವಿದೆ. ಅಲ್ಲಿ ನನಗೆ ಪರಿಚಯವಾದವರು ನಮ್ಮ ಕಡೆಯ ಒಬ್ಬ ವೃದ್ಧ ಎಂಜಿನಿಯರು. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಯೌವನದಲ್ಲಿ ಬಂದು, 1979ರ ಗೆಲುವನ್ನು ಕಣ್ಣಾರೆ ಕಂಡು, ಅಂದಿನಿಂದ ಅಭಿಮಾನವನ್ನು ಬಿಡದವರು. ಒಂದು ಶನಿವಾರ ಪ್ರಸಾದದ ಪುಳಿಯೋಗರೆಯನ್ನು ತಿನ್ನುತ್ತ ನಾನು ಕೇಳಿದೆನು: “ರಾಯರೇ, ನಲವತ್ತಾರು ವರ್ಷವಾಯಿತು. ಇನ್ನೂ ಗೆಲ್ಲುತ್ತಾರೆಂದು ನಂಬಿದ್ದೀರಾ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮೇಷ್ಟ್ರೇ, ಗೆಲ್ಲಲೇಬೇಕೆಂದು ನಾನು ಕೇಳುವವನಲ್ಲ. ಮೂವತ್ತು ತಂಡ ಆಡಿದರೆ ಇಪ್ಪತ್ತೊಂಬತ್ತು ಸೋಲಲೇಬೇಕು. ಆದರೆ ಮಾರ್ಚಿ ತಿಂಗಳಲ್ಲಿಯೇ ಇದು ಸೋಲುವ ವರ್ಷವೆಂದು ಲೆಕ್ಕ ಬರೆದಿಟ್ಟಂತೆ ಕಂಡರೆ, ನಾನು ನೋಡುವುದಾದರೂ ಏನನ್ನು?”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಆಲಂಕಾರಿಕರು ಕರುಣವೂ ಒಂದು ರಸವೆಂದರು. ನಾಟಕದಲ್ಲಿ ಸೀತೆಯ ಪರಿತ್ಯಾಗವನ್ನು ಕಂಡು ಕಣ್ಣೀರಿಡುವ ಸಹೃದಯನು ಮರುದಿನ ಮತ್ತೆ ಅದೇ ನಾಟಕಕ್ಕೆ ಹೋಗುತ್ತಾನೆ. ಅಲ್ಲಿ ದುಃಖವು ಕವಿಯ ಕೈಯಲ್ಲಿ ಪಾಕಗೊಂಡು ಆಸ್ವಾದ್ಯವಾಗುತ್ತದೆ. ಅಲ್ಲಿ ಅಂತ್ಯವು ಮೊದಲೇ ಗೊತ್ತಿದ್ದರೂ ಬಾಧಕವಿಲ್ಲ, ಗೊತ್ತಿದ್ದರೇ ಲೇಸು. ಆಟದಲ್ಲಿ ಹಾಗಲ್ಲ. ಆಟಕ್ಕೆ ಕವಿಯಿಲ್ಲ. ಅಂತ್ಯವನ್ನು ಯಾರೂ ಬರೆದಿಲ್ಲವೆಂಬ ಒಂದೇ ನಂಬಿಕೆಯ ಮೇಲೆ ನೋಡುವವನು ತನ್ನ ಸಂಜೆಯನ್ನೂ ತನ್ನ ಮನಸ್ಸನ್ನೂ ಒಪ್ಪಿಸುತ್ತಾನೆ. ಆ ನಂಬಿಕೆಯಿರುವವರೆಗೆ ನೂರು ಸೋಲುಗಳನ್ನಾದರೂ ಸಹಿಸಿಯಾನು. ಮೈದಾನದಲ್ಲಿರುವ ಹುಡುಗರು ಸೋಲಲೆಂದು ಆಡುತ್ತಾರೆಂದು ನಾನೆಂದೂ ಹೇಳಲಾರೆ. ಅವರ ಬೆವರನ್ನು ನಾನು ಕಂಡಿದ್ದೇನೆ. ಆದರೆ ಅವರು ಮೈದಾನಕ್ಕಿಳಿಯುವುದಕ್ಕೆ ತಿಂಗಳುಗಳ ಮುಂಚೆ, ಎಲ್ಲಿಯೋ ಒಂದು ಕೊಠಡಿಯಲ್ಲಿ, ಆದಾಯ ವೆಚ್ಚಗಳ ಪಟ್ಟಿಯಲ್ಲಿ ಫಲಿತಾಂಶವು ನಿರ್ಣಯವಾಗಿದೆಯೆಂಬ ಸಂಶಯ ಹುಟ್ಟಿದರೆ, ಅದು ಆಟವಾಗಿಯೂ ಉಳಿಯುವುದಿಲ್ಲ, ನಾಟಕವೂ ಆಗುವುದಿಲ್ಲ. ಅದರಿಂದ ಯಾವ ರಸವೂ ಹುಟ್ಟದು, ಬೇಸರವೊಂದು ಹುಟ್ಟುತ್ತದೆ.

ಬೇಸರವು ಮುದುಕರನ್ನು ಹಿಡಿದರೆ ಚಿಂತೆಯಿಲ್ಲ. ಒಂದು ಸಂಜೆ, ಸ್ಕೀನ್ಸನ ಸಂಖ್ಯೆಯಾದ 30 ಎಂಬುದನ್ನು ಬರೆದ ಅಂಗಿಯನ್ನು ತೊಟ್ಟು ನನ್ನ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗನು ಬೆರಳು ಮಡಚಿ ಏನನ್ನೋ ಎಣಿಸುತ್ತಿದ್ದನು. ಏನೆಂದು ಕೇಳಿದೆನು. “ತಾತ, 2029 ಆದ ಮೇಲೆ ಸ್ಕೀನ್ಸ್ ಎಲ್ಲಿಗೆ ಬೇಕಾದರೂ ಹೋಗಬಹುದು. ಆಗ ನನಗೆ ಹದಿಮೂರು ವರ್ಷ. ಅಷ್ಟರೊಳಗೇ ಅವನನ್ನು ನೋಡಿಕೊಂಡುಬಿಡಬೇಕು” ಎಂದನು. ಅವನ ದನಿಯಲ್ಲಿ ದುಃಖವಿರಲಿಲ್ಲ; ಮಳೆ ಬರುವುದೆಂದು ಹೇಳುವವರ ದನಿಯಿತ್ತು. ಒಂಬತ್ತು ವರ್ಷದ ಹುಡುಗನು ತಾನು ಪ್ರೀತಿಸುವವನ ಅಗಲಿಕೆಯ ದಿನವನ್ನು ಗುಣಿಸಿಟ್ಟುಕೊಂಡು ಪ್ರೀತಿಸಲು ಕಲಿತಿದ್ದನು. ಸೋಲನ್ನು ಸಹಿಸುವುದನ್ನು ಮಕ್ಕಳಿಗೆ ಕಲಿಸಬೇಕು. ಅದು ವಿದ್ಯೆಯ ಒಂದು ಭಾಗ. ಆಶಿಸದಿರುವುದನ್ನು ಕಲಿಸಕೂಡದು.

ಮೂವತ್ತು ವರ್ಷಗಳಿಗೆ ಮಿಕ್ಕಿ ನಾನು ಪಾಠ ಹೇಳಿದವನು. ತೇರ್ಗಡೆಯಾಗದ ಹುಡುಗರ ತಂದೆತಾಯಿಗಳು ನನ್ನ ಮನೆಗೆ ಬರುತ್ತಿದ್ದರು. ಅವರಲ್ಲಿ ಬಹು ಮಂದಿ ಓದುಬರಹ ಬಾರದ ರೈತರು. ನನ್ನ ಮಗನೇಕೆ ಪಾಸಾಗಲಿಲ್ಲವೆಂದು ಅವರು ಜಗಳವಾಡುತ್ತಿರಲಿಲ್ಲ. ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಸ್ವಾಮಿ, ಇವನು ಕಲಿಯುತ್ತಾನೆಂದು ನಿಮಗೆ ತೋರುತ್ತದೆಯೆ?” ತೋರುತ್ತದೆಂದು ಹೇಳಿದರೆ ಸಮಾಧಾನದಿಂದ ಹೋಗಿ, ಮರುವರ್ಷವೂ ಫೀಸು ಹೊಂದಿಸಿ ಕಳುಹಿಸುತ್ತಿದ್ದರು. ಪಿಟ್ಸ್‌ಬರ್ಗಿನ ಜನರು ಟಿಕೀಟು ಕೊಂಡು ಒಳಗೆ ಬಂದು ಕೇಳುತ್ತಿರುವುದೂ ಈ ಪ್ರಶ್ನೆಯನ್ನೇ. ತಂಡದ ಒಡೆತನ ಯಾರದೇ ಇರಲಿ, ಅದರ ಮೇಲಿನ ಮಮತೆ ಊರಿನದು. ಮಮತೆಗೆ ಕಾಗದಪತ್ರಗಳ ಹಕ್ಕಿಲ್ಲ. ಆದರೆ ಈ ಒಂದು ಪ್ರಶ್ನೆಯನ್ನು ಕೇಳುವ ಹಕ್ಕಾದರೂ ಇದೆಯೆಂದು ನನ್ನ ಮತ.

ಬಿಟ್ಟುಬಿಡಬಹುದಲ್ಲ ಎಂದು ಕೇಳುವವರುಂಟು. ಗೀತೆಯನ್ನು ಓದಿದವರು ಫಲದಲ್ಲಿ ಆಸಕ್ತಿಯಿಡುವುದೇ ತರವಲ್ಲವೆಂದು ನನಗೆ ಉಪದೇಶಿಸಿದ್ದಾರೆ. ಆದರೆ ಗೀತೆಯು ಫಲವನ್ನು ಬಿಡೆಂದಿತೇ ಹೊರತು ಪ್ರಯತ್ನವನ್ನು ಬಿಡೆನ್ನಲಿಲ್ಲ. ನಮ್ಮ ದೂರು ಪ್ರಯತ್ನವನ್ನು ಕುರಿತದ್ದು. ಊರಿಗೆ ಮರಳಿದ ಮೇಲೆ ಸೆಪ್ಟೆಂಬರ್ ತಿಂಗಳಿಡೀ ನಾನು ಬ್ರಾಹ್ಮೀ ಮುಹೂರ್ತದಲ್ಲಿಯೇ ಏಳುತ್ತಿದ್ದೆನು. ಅಲ್ಲಿ ಸಂಜೆಯ ಆಟ ಮೊದಲಾಗುವುದು ಇಲ್ಲಿ ನಾಲ್ಕು ಗಂಟೆಯ ಮೇಲೆ. ಮನೆಯವರು ಜಪಕ್ಕೆಂದು ತಿಳಿದರು. ಗೆದ್ದೇ ತೀರುವ ಭರವಸೆಯಿಂದಲ್ಲ, ಆ ಹುಡುಗರು ಆಡುತ್ತಿರುವಾಗ ಯಾರಾದರೂ ನೋಡುತ್ತಿರಬೇಕೆಂದು ಎದ್ದೆನು.

ಹಳೆಯ ಆಟದ ಮನೆಯ ಇಟ್ಟಿಗೆಯ ಗೋಡೆಯ ಒಂದು ತುಂಡು ವಿಶ್ವವಿದ್ಯಾನಿಲಯದ ಬಳಿ ಇನ್ನೂ ನಿಂತಿದೆ, ಬಳ್ಳಿ ಹಬ್ಬಿದೆ. ಆಟ ತೊಡಗಿ ಮುಗಿಯುತ್ತಿದ್ದ ಠಾಣ್ಯದ ಫಲಕವನ್ನು ಅಲ್ಲಿಯ ಒಂದು ಕಟ್ಟಡದ ನೆಲದಲ್ಲಿ ಗಾಜಿನಡಿ ಕಾಪಾಡಿದ್ದಾರೆ. ಹಲವು ವರ್ಷಗಳಿಂದ ಅಕ್ಟೋಬರ್ 13ರಂದು ಜನರು ಆ ಗೋಡೆಯ ಬಳಿ ನೆರೆದು 1960ರ ಆಟದ ರೇಡಿಯೊ ವರ್ಣನೆಯನ್ನು ಮೊದಲಿನಿಂದ ಕೇಳುವ ವಾಡಿಕೆಯುಂಟು. ಮ್ಯಾಜರಾಸ್ಕಿಯು ಚೆಂಡನ್ನು ಹೊಡೆದ ಮಧ್ಯಾಹ್ನ 3 ಗಂಟೆ 36 ನಿಮಿಷಕ್ಕೆ ಸರಿಯಾಗಿ ಆ ಹೊಡೆತವೂ ಕೇಳಿಬರುವಂತೆ ಹೊಂದಿಸುತ್ತಾರೆ. ಎಲ್ಲರಿಗೂ ಗೊತ್ತಿರುವ ಅಂತ್ಯಕ್ಕೆ ಎಲ್ಲರೂ ಕೇಕೆ ಹಾಕುತ್ತಾರೆ. ಆ ಆಟವೀಗ ಕಾವ್ಯವಾಗಿದೆ. ಅದರ ಅಂತ್ಯವು ತಿಳಿದಿರುವುದೇ ಅದರ ಸೊಗಸು. ಮಾರ್ಚಿ ತಿಂಗಳಲ್ಲಿ ತೊಡಗುವ ಆಟದ ಅಂತ್ಯವಾದರೋ ಯಾರಿಗೂ ತಿಳಿದಿರಕೂಡದು. ಆ ಊರಿನವರು ಬೇಡುವುದು ಇಷ್ಟನ್ನೇ.